ಅಧ್ಯಕ್ಷರ ಎಂಜಿನ್ನನ್ನೇ ಬೀಳಿಸುವ ಏಳನೇ ಪಾಯಿಂಟಿಗೆ

ಮಾನ್ಯರೇ,

ನಮ್ಮ ಆಟಿಕೆ ರೈಲು ಸಂಘದ ನೆಲಮಾಳಿಗೆಯಲ್ಲಿ, ಪ್ಲೈವುಡ್ ಬೆಟ್ಟದ ಬುಡದಲ್ಲಿ, ಬಂದ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸುವ ಘನಕಾರ್ಯಕ್ಕಾಗಿ ವಿರಾಜಮಾನರಾಗಿರುವ ತಮಗೆ, ಹಳಿ ಉಸ್ತುವಾರಿಯ ಎಗ್‌ಬರ್ಟ್ ಪಿಂಕರ್ನೆಲ್ ನಡುಬಗ್ಗಿಸಿ ಮಾಡುವ ನಮಸ್ಕಾರಗಳು. ಬಗ್ಗಿದ್ದು ಬರೀ ಗೌರವದಿಂದಲ್ಲ. ತಮ್ಮನ್ನು ಇಣುಕಿ ಇಣುಕಿ ನೋಡಿ ಈ ನಡು ಈಗ ನೆಟ್ಟಗಾಗುತ್ತಲೇ ಇಲ್ಲ.

ಆಹಾ, ಏನು ತಮ್ಮ ಪರಾಕ್ರಮ! ಗೂಡ್ಸ್ ಗಾಡಿಗಳು ತಮ್ಮ ಮೇಲೆ ಬೆಣ್ಣೆಯಂತೆ ಜಾರುತ್ತವೆ. ಸಂಘದ ಸದಸ್ಯೆ ರೋಸ್ವಿಟಾ ಅವರ ಅಜ್ಜನ ಕಾಲದ ಹಾಲಿನ ವ್ಯಾಗನ್ನೂ ತೂರಾಡುತ್ತ ದಾಟುತ್ತದೆ. ಆದರೆ ನಿವೃತ್ತ ದಂತವೈದ್ಯರೂ ಸಂಘದ ಅಧ್ಯಕ್ಷರೂ ಆದ ಡಾಕ್ಟರ್ ವೆಂಡೆಲಿನ್ ಟಾಪೆಯವರ ಕರಿ ಉಗಿ ಎಂಜಿನ್ ಬಂತೋ, ಧಡಾರ್! ಸ್ಪಂಜಿನ ಹುಲ್ಲುಗಾವಲಿನಲ್ಲಿ, ಪ್ಲಾಸ್ಟಿಕ್ ಹಸುಗಳ ನಡುವೆ ಅಂಗಾತ!

"ಏನ್ರೀ ಪಿಂಕರ್ನೆಲ್, ಹಳಿ ಹಾಸಿದ್ದೀರೋ, ಆಲೂಗಡ್ಡೆ ಹೊಲ ಉತ್ತಿದ್ದೀರೋ?" ಎಂದು ಅಧ್ಯಕ್ಷರು ಎಲ್ಲರೆದುರು ಗುಡುಗಿದರು. "ಕ್ರಿಸ್‌ಮಸ್ಸಿಗೆ ಮುಂಚಿನ ಅಡ್ವೆಂಟ್ ಭಾನುವಾರದ ಪ್ರದರ್ಶನದಲ್ಲಿ ಊರವರ ಮುಂದೆ ಹೀಗಾಯ್ತೋ, ಹಳಿ ಬಿಟ್ಟು ತಿಂಡಿ ಮಳಿಗೇಲಿ ವಾಫಲ್ ಹುಯ್ಯೋಕೆ ನಿಂತ್ಕೊಳ್ಳಿ!"

ಇಪ್ಪತ್ತು ವರ್ಷ ಹಳಿ ಹಾಸಿದ ಕೈಗೆ ಹಿಟ್ಟಿನ ಸೌಟು! ತಮಗಿಂತ ಮುಂಚಿನವರ ಅತ್ತಿತ್ತ ಸರಿಯುವ ನಾಲಗೆಪಟ್ಟಿಯನ್ನು ಉಗುರಿನಿಂದ ಸವರಿ ನೋಡಿದೆ, ತುದಿಗೆ ಅರ ಹಾಕಿದೆ, ಸಂದಿಯ ಜಲ್ಲಿಕಣವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿದೆ. ಆಗಲೂ ಬಿತ್ತು. ತಮ್ಮ ಸ್ಥಾನದಲ್ಲಿದ್ದ ಇಬ್ಬರನ್ನು ಒಬ್ಬರಾದ ಮೇಲೊಬ್ಬರಂತೆ ಕಿತ್ತು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಹೊಚ್ಚಹೊಸ ತಮ್ಮನ್ನು ಪ್ರತಿಷ್ಠಾಪಿಸಿದೆ. ತಾವೂ ಬೀಳಿಸಿದಿರಿ!

"ಹಳಿ ಬಿಡಿ ಮಾರಾಯ್ರೇ, ಅವರ ಗಾಲಿ ಅಳೆದಿರಾ?" ಎಂದು ರೋಸ್ವಿಟಾ ನನ್ನ ಕಿವಿಯಲ್ಲಿ ಉಸುರಿದರು. ಅದು ಕಿವಿಗೆ ಬಿದ್ದವರೆಲ್ಲ ಥಟ್ಟನೆ ಸೂರು ನೋಡತೊಡಗಿದರು. ಜೋಡಿ ಗಾಲಿಗಳು ಕೂದಲೆಳೆಯಷ್ಟು ಒಳಸರಿದಿದ್ದರೂ ಸಾಕು, ನೇರ ಹಳಿಯಲ್ಲಿ ಗಂಭೀರವಾಗಿ ಓಡುವ ಎಂಜಿನ್ ಪಾಯಿಂಟಿನ ಇಕ್ಕಟ್ಟಿನಲ್ಲಿ ಹಳಿಯೇರಿ ಮಗುಚುತ್ತದೆಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಅದಕ್ಕೇ ಪ್ರತಿಯೊಬ್ಬರ ಗಾಲಿಗೂ ಮಾಪಕ ಹಿಡಿಯುತ್ತೇವೆ. ಆದರೆ ಒಡೆಯನ ಅಪ್ಪಣೆಯಿಲ್ಲದೆ ಪರರ ಎಂಜಿನ್ ಮುಟ್ಟಬಾರದೆಂಬುದು ಸಂಘದ ಕಟ್ಟಳೆ. ಬಿಳಿ ಕೈಗವಸು ತೊಟ್ಟು ತಾವೇ ಎಂಜಿನ್ನನ್ನು ಹಳಿಗಿಳಿಸುವ ಅಧ್ಯಕ್ಷರನ್ನು ಅಪ್ಪಣೆ ಕೇಳುವ ಧೈರ್ಯ ಮೂವತ್ತು ಸದಸ್ಯರಲ್ಲಿ ಒಬ್ಬರಿಗೂ ಇಲ್ಲ. ಊರಿನ ಬಾಯಿಗಳನ್ನೆಲ್ಲ ತೆರೆಸಿದ ಮಹಾನುಭಾವರ ಎದುರು ನಮ್ಮ ಬಾಯಿ ಮಾತ್ರ ಮುಚ್ಚಿಯೇ ಇದೆ.

ಹೀಗಾಗಿ, ಮಾನ್ಯರೇ, ತಮ್ಮಲ್ಲೇ ವಿಜ್ಞಾಪನೆ: ಭಾನುವಾರ ಒಂದು ದಿನದ ಮಟ್ಟಿಗೆ ಸತ್ಯ ಹೇಳುವ ಈ ಕೆಟ್ಟ ಚಾಳಿ ಬಿಡಿ. ಅಧ್ಯಕ್ಷರು ಬರುವಾಗ ತಮ್ಮ ಸಂದಿಯನ್ನು ಹಿಗ್ಗಿಸಿಕೊಂಡು, ಅವರು ದಾಟಿದೊಡನೆ ಕುಗ್ಗಿಸಿಕೊಳ್ಳಿ. ಕಷ್ಟವೇನಲ್ಲ, ನಾವೆಲ್ಲರೂ ಅದನ್ನೇ ಮಾಡುತ್ತಿದ್ದೇವೆ.

ತಮ್ಮ ಬುಡಕ್ಕೆ ಅಂಟು ಬಳಿದೂ ಬಳಿದೂ ಬೆರಳಂಟಿಹೋದ ವಿಶ್ವಾಸಿ,
ಎಗ್‌ಬರ್ಟ್ ಪಿಂಕರ್ನೆಲ್

ತಾ.ಕ.: ಈ ಪತ್ರವನ್ನು ಸಂಘದ ಸೂಚನಾ ಫಲಕಕ್ಕೆ ಚುಚ್ಚಿದ್ದೇನೆ. ಗಾಲಿ ಅಳೆಯುವ ಮಾಪಕವನ್ನು ತಮ್ಮ ಮುಂದೆಯೇ, ಹಳಿಗೆ ಅಡ್ಡಲಾಗಿ ಇಟ್ಟಿದ್ದೇನೆ. ಅದನ್ನು ಎತ್ತದೆ ಭಾನುವಾರ ಯಾವ ಎಂಜಿನ್ನೂ ಮುಂದೆ ಹೋಗದು. ಕೈಗವಸು ತೊಟ್ಟೇ ಎತ್ತಬಹುದು.