ಸಿ.ಎಸ್. ಪುರದ ಸಮುದ್ರತೀರ

ಗುಬ್ಬಿ ತಾಲ್ಲೂಕಿನಲ್ಲಿ ಸಮುದ್ರವಿಲ್ಲ ಎಂಬುದು ದಾಖಲೆಗಳಲ್ಲಿದ್ದ ಲೋಪವಾಗಿದ್ದು, ಅದನ್ನು ಕಳೆದ ವರ್ಷ ಸರಿಪಡಿಸಲಾಯಿತು.

ಅಲೆಗಳು ದಡದ ಬಂಡೆಯನ್ನು ಸಮತಟ್ಟಾಗಿ ಕೊರೆಯುತ್ತವೆ. ನೀರು ಇಳಿದರೆ ಅಥವಾ ನೆಲ ಮೇಲೆದ್ದರೆ ಆ ಸಮತಟ್ಟು ಜಾಗ ಮೆಟ್ಟಿಲಿನಂತೆ ಉಳಿಯುತ್ತದೆ. ಹಿಂದೆ ಸಮುದ್ರ ಎಲ್ಲಿಯವರೆಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಇಂಥ ಮೆಟ್ಟಿಲುಗಳನ್ನು ಪಟ್ಟಿ ಮಾಡಲು ತುಮಕೂರಿನ ಶಿರಾ ಗೇಟ್ ಬಳಿ ಪುರಾತನ ಕಡಲತೀರ ಗಣತಿ ಘಟಕ ತೆರೆಯಲಾಯಿತು. ಕರಾವಳಿಯಲ್ಲಿ ಬಾಡಿಗೆ ಕಟ್ಟಡ ಸಿಕ್ಕಿರಲಿಲ್ಲ. ವರದಿಯಲ್ಲಿ ‘ಇಲ್ಲ’ ಎಂದು ಬರೆಯತಕ್ಕದ್ದಲ್ಲ ಎಂಬುದು ಘಟಕದ ನಾಲ್ಕನೇ ನಿಯಮ.

ಘಟಕದ ಸರ್ವೇಯರ್ ಮೋಹನ್‌ಕುಮಾರ್ ಸಿ.ಎಸ್. ಪುರದ ಕದರಮ್ಮನವರ ರಾಗಿ ಹೊಲದಲ್ಲಿ ಮೂರು ಮೆಟ್ಟಿಲು ಕಂಡರು. ಕದರಮ್ಮ ಅಲ್ಲೇ ಕೊಟ್ಟಿಗೆಗೆ ಪಾಯ ತೋಡಿಸುತ್ತಿದ್ದರು. ಹೋದ ಸಲ ಮಳೆಗೆ ಸಿಕ್ಕಿ ಎಮ್ಮೆಕರು ಉಳಿದಿರಲಿಲ್ಲ. ಎಮ್ಮೆ ಈಗ ಮತ್ತೆ ಗಬ್ಬವಾಗಿತ್ತು.

“ಅಮ್ಮಾ, ಕೆಲ್ಸ ನಿಲ್ಸಿ. ಇದು ಸಮುದ್ರತೀರ. ಏನೂ ಕಟ್ಟಂಗಿಲ್ಲ.”

“ಯಾವ್ ಸಮುದ್ರ ಸಾರ್?”

“ಹಿಂದೆ ಇದ್ದಿದ್ದು.”

“ಈ ಬದು ನಮ್ ಯಜಮಾನ್ರು ಹಾಕಿದ್ದು ಕಣಪ್ಪ. ನಾನೇ ಮಣ್ಣು ಹೊತ್ತಿದೀನಿ.”

ಮೋಹನ್‌ಕುಮಾರ್ ಬರೆದುಕೊಂಡರು: ಮೆಟ್ಟಿಲು ರೂಪುಗೊಂಡಿದ್ದಕ್ಕೆ ಪ್ರತ್ಯಕ್ಷ ಸಾಕ್ಷಿ ಲಭ್ಯ.

ಕದರಮ್ಮ ತಂಗಿಯ ಮಗಳು ತನುಶ್ರೀಯನ್ನು ಶೆಟ್ಟಿಹಳ್ಳಿಯಿಂದ ಕರೆಸಿದರು. ಅವಳು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. “ದೊಡ್ಡಮ್ಮ, ಇದು ಬರೀ ಬದು” ಎಂದವಳೇ ಘಟಕಕ್ಕೂ ಬರೆದಳು: ಅಲೆ ಕೊರೆದ ಗುರುತಿಲ್ಲ, ಒಂದು ಕಪ್ಪೆಚಿಪ್ಪೂ ಇಲ್ಲ.

ಉತ್ತರ ಬಂತು: “ಚಿಪ್ಪುಗಳು ಕಾಣೆಯಾಗಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ತೆಗೆದವರು ಏಳು ದಿನದೊಳಗೆ ಹಿಂದಿರುಗಿಸತಕ್ಕದ್ದು.”

ಕದರಮ್ಮ ಆ ಕಾಗದ ಹಿಡಿದು ಘಟಕದ ಮುಖ್ಯಸ್ಥ ಚನ್ನವೀರಯ್ಯನವರ ಮುಂದೆ ಹೋಗಿ ಕೂತರು.

“ಜಾಗದ ಮೂಲ ಅನುಭವದಾರ ಸಮುದ್ರ ಕಣಮ್ಮ. ಅದರ ಒಪ್ಪಿಗೆ ಬೇಕು.”

“ಸಮುದ್ರಕ್ಕೇ ನೋಟಿಸ್ ಕಳ್ಸಿ ಸಾರ್. ಹದಿನೈದು ದಿನದಲ್ಲಿ ಬರ್ಲಿಲ್ಲ ಅಂದ್ರೆ ತಕರಾರಿಲ್ಲ ಅಂತ ತಾನೆ?”

ಚನ್ನವೀರಯ್ಯ ನಿಯಮಾವಳಿ ತಿರುವಿದರು. ಮಾತು ಸರಿಯಾಗಿತ್ತು.

ಹೊಲದ ಹೊಂಗೆಮರಕ್ಕೆ ನೋಟಿಸ್ ಅಂಟಿಸಲಾಯಿತು: “ಸದರಿ ಸಮುದ್ರವು ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗತಕ್ಕದ್ದು.” ಹದಿನಾರನೇ ದಿನ ಮೋಹನ್‌ಕುಮಾರ್ ಬಂದು ಮೂರು ಸಲ ಕೂಗಿದರು. ಸಮುದ್ರ ಗೈರುಹಾಜರು. ಮೀನುಗಾರರಿಗೆ ಓಡಾಡಲು ಮೂರಡಿ ದಾರಿ ಬಿಡಬೇಕೆಂಬ ಷರತ್ತಿನ ಮೇಲೆ ಅನುಮತಿ ದೊರೆಯಿತು.

ಕೊಟ್ಟಿಗೆಗೆ ಶೀಟು ಹೊದಿಸಿದ ವಾರಕ್ಕೆ ಎಮ್ಮೆ ಈದಿತು. ಸುರಿವ ಮಳೆಯಲ್ಲೂ ಕರು ಬೆಚ್ಚಗೆ ಮಲಗಿತ್ತು. ಕದರಮ್ಮ ಘಟಕದವರಿಗೆಲ್ಲ ಗಿಣ್ಣು ಕಳಿಸಿದರು.

ಊರಿನವರು ಈಗ ಬಸ್ಸಿಗೆ ಆ ಮೂರಡಿ ದಾರಿಯಲ್ಲೇ ಹೋಗುತ್ತಾರೆ. ಮೀನುಗಾರರು ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲಬೇಕು ಎಂಬುದು ಎಲ್ಲರಿಗೂ ಗೊತ್ತಿದೆ.