ಸೋಮೇಶನ ಸಪ್ಪಳದ ಕೀಬೋರ್ಡು

ಹಳೆಯ ಕೀಬೋರ್ಡಿನ ಮೇಲೆ ಇಸಾಕ ಚಹಾ ಚೆಲ್ಲದೇ ಇದ್ದಿದ್ದರೆ ಸೋಮೇಶನಿಗೆ ಈ ಗತಿ ಬರುತ್ತಿರಲಿಲ್ಲ.

ಗದಗಿನ ಮುತ್ತಣ್ಣನವರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುವವನು ಸೋಮೇಶ. ಬೆರಳು ಎಷ್ಟೇ ಓಡಿದರೂ ಅವನ ಹಳೆಯ ಕೀಬೋರ್ಡು ಹಾಲು ಕದಿಯುವ ಬೆಕ್ಕಿನಂತೆ ಸದ್ದು ಮಾಡುತ್ತಿರಲಿಲ್ಲ. ಒಳಕೋಣೆಯಿಂದ ಮುತ್ತಣ್ಣನವರು ಆಗಾಗ ಕೂಗುತ್ತಿದ್ದರು: "ಸೋಮೇಶಾ, ಮಲಗೀಯೇನೋ?"

ಮಲಗುವವನೆಂದು ಹೆಸರಾದವನನ್ನು ಜಲ್ದಿ ಮನೆಗೆ ಬಿಡುವವರು ಯಾರು? ಮಗಳು ಶಿವರಂಜನಿಗೆ ಮಾಗಡಿ ಕೆರೆಗೆ ಬರುವ ವಲಸೆ ಹಕ್ಕಿ ತೋರಿಸುತ್ತೇನೆಂದು ಹೇಳಿ ಹೇಳಿ ಚಳಿಗಾಲವೇ ಮುಗಿಯುತ್ತ ಬಂದಿತ್ತು. ಹಕ್ಕಿಗಳು ಇಂದೋ ನಾಳೆಯೋ ಹಾರುವುದರಲ್ಲಿದ್ದವು. "ಇವತ್ತ ಚಾ ಕುಡಿಯೋ ಹೊತ್ತಿಗೆ ಬರ್ಲಿಲ್ಲಂದ್ರ ನಿನ್ನ ಕೂಡ ಮಾತು ಬಿಟ್ಟೆ ನೋಡಪ್ಪಾ" ಎಂದು ಅವಳು ಬೆಳಿಗ್ಗೆಯೇ ಫರ್ಮಾನು ಹೊರಡಿಸಿದ್ದಳು.

ಚಹಾ ಬಿದ್ದು ಕೆಟ್ಟದ್ದರ ಬದಲಿಗೆ ತಂದ ಹೊಸ ಡಬ್ಬಿಯನ್ನು ಸೋಮೇಶ ಬಿಚ್ಚಿದ. ಕಡಿಮೆ ದರದ್ದು, ಹೊಸಬರಿಗೆಂದೇ ಮಾಡಿದ ಮೆಕ್ಯಾನಿಕಲ್ ಕೀಬೋರ್ಡು. ಇಟ್ಟಂಗಿಯಷ್ಟು ಭಾರ, ಲಗ್ನದ ಮಂಟಪದಂತೆ ಬಣ್ಣಬಣ್ಣದ ದೀಪ. ಒಂದು ಗುಂಡಿ ಒತ್ತಿದ. ಟಕ್! ಹುರಿದ ಶೇಂಗಾ ಸಿಡಿದಂತಾಯಿತು. ಎತ್ತರದ ಗುಂಡಿಗಳಿಗೆ ಎಡವಿ ಮೊದಲ ಪತ್ರಿಕೆಯಲ್ಲಿ ವರನ ಹೆಸರು ಎರಡು ಸಲ ಬಿತ್ತು. ಆಮೇಲೆ ಕೈ ಕೂತಿತು ನೋಡಿ! ಪ್ರತಿ ಅಕ್ಷರವೂ ಬೆರಳಿನ ತುದಿಗೆ 'ಆತು, ಮುಂದಕ್ಕ ಹೋಗು' ಎಂದು ಹೇಳಿದಂತೆ ಅನಿಸತೊಡಗಿತು. ಸೋಮೇಶ ಕುದುರೆ ಬಿಟ್ಟ.

"ಏನಲೇ, ಪ್ರೆಸ್ಸಿನ್ಯಾಗ ಚುರಮರಿ ಭಟ್ಟಿ ಹಚ್ಚೀಯೇನು?" ಅಚ್ಚಿನ ಮಷೀನಿನ ಹತ್ತಿರದಿಂದ ಇಸಾಕ ಬಂದ.

ಬಿಲ್ಲು ಬರೆಯುವ ಮಂಜುಳಾ ಫೋನು ಮುಚ್ಚಿ ಹಿಡಿದು ಕೂಗಿದಳು: "ಸೋಮಣ್ಣಾ, ಸ್ವಲ್ಪ ನಿಂದರೋ! ಮುಂಡರಗಿ ಗಿರಾಕಿ ಗದಗಿನ್ಯಾಗ ಆಣೆಕಲ್ಲಿನ ಮಳಿ ಬೀಳಾಕ ಹತ್ತೇತೇನ್ರಿ ಅಂತ ಕೇಳಾಕತ್ತಾನ!"

ಪಕ್ಕದ ಅಂಗಡಿಯ ದರ್ಜಿ ಬುಡ್ಡೇಸಾಬ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. "ನಿನ್ನ ಸಪ್ಪಳದಾಗ ನನ್ನ ಮಷೀನಿನ ಸಪ್ಪಳ ಕೇಳವಲ್ದಪಾ. ದಾರ ಹರಿದದ್ದು ಖಬರ ಇಲ್ದ ಅರ್ಧ ಪ್ಯಾಂಟು ಬರೇ ಸೂಜೀಲೆ ಹೊಲದೇನಿ!"

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಸೋಮೇಶನಿಗೆ ಬೀಳಲಿದ್ದ ಬೈಗುಳದ ಸಂತರ್ಪಣೆ ನೋಡಲು ಮೂವರೂ ಸಾಲಾಗಿ ನಿಂತರು. ಮುತ್ತಣ್ಣನವರು ಕಣ್ಣು ಮುಚ್ಚಿ ಆಲಿಸಿದರು.

"ಆಹಾ! ಇದಕ್ಕಂತಾರ ಕೆಲಸ! ಹೊಡಿ, ಹಿಂಗ ಹೊಡಿ!"

ಸೋಮೇಶನ ಎದೆ ಉಬ್ಬಿತು. "ಮಾಲಕ್ರ, ಇರೋ ಪತ್ರಿಕಿ ಎಲ್ಲಾ ಮುಗಿಸಿದ್ರ ಇವತ್ತ ಜಲ್ದಿ ಹೋಗಲ್ರಿ?"

"ಮುಗಿಸಿ ಹೋಗಪಾ, ಯಾರ ಬ್ಯಾಡ ಅಂದ್ರು?"

ಮೂವರ ಮುಖವೂ ಮಳೆ ಕಾಣದ ಹತ್ತಿಯಂತೆ ಬಾಡಿತು. ಸೋಮೇಶ ಲಕ್ಷ್ಮೇಶ್ವರದ ಲಗ್ನ, ಶಿರಹಟ್ಟಿಯ ಸೀಮಂತ, ಮುಳಗುಂದದ ಗೃಹಪ್ರವೇಶ ಎಲ್ಲವನ್ನೂ ಒಂದೇ ಉಸಿರಿಗೆ ಬಡಿದು ಹಾಕಿದ. ಚಹಾದ ಹೊತ್ತಿಗೆ ಒಂದು ಅಕ್ಷರವೂ ಬಾಕಿ ಉಳಿಯಲಿಲ್ಲ. ಯುದ್ಧ ಗೆದ್ದ ಸೇನಾಪತಿಯಂತೆ ಎದ್ದು ನಿಂತು ಗಾಡಿಯ ಕೀಲಿಗೆ ಕೈ ಹಾಕಿದ.

ದಡಾರನೆ ಒಳಕೋಣೆಯ ಬಾಗಿಲು ತೆರೆಯಿತು. ಕೆದರಿದ ಕೂದಲು, ಕೆಂಪು ಕಣ್ಣು, ಕೆನ್ನೆಯ ಮೇಲೆ ಮೇಜಿನ ಅಂಚಿನ ಗೆರೆ. ಮುತ್ತಣ್ಣನವರು ಗಾಬರಿಯಾಗಿದ್ದರು.

"ಯಾಕ ನಿಲ್ಲಿಸಿದಿ?"

"ಕೆಲಸ ಮುಗೀತ್ರಿ ಮಾಲಕ್ರ."

"ಕೆಲಸದ ಮನಿ ಹಾಳಾಗ್ಲಿ! ಬೆಟಗೇರಿ ನೇಕಾರರ ಮನ್ಯಾಗ ಹುಟ್ಟಿದಾವ ನಾ. ಮಗ್ಗ ಬಡಿತಿದ್ರ ನಿದ್ದಿ, ಮಗ್ಗ ನಿಂತ್ರ ಎಚ್ಚರ. ಮಗ್ಗ ಮಾರಿದ ಮ್ಯಾಲೆ ಹಿಂಗ ಕಣ್ಣ ಹತ್ತಿದ್ದು ನಿನ್ನ ಸಪ್ಪಳಕ್ಕ ಇವತ್ತ ನೋಡು. ಕುಂಡ್ರು, ಬಡಿ!"

"ಏನ ಬಡೀಲ್ರಿ?"

"ಏನರೆ ಬಡಿ. ಬಡೀತಾ ಇರು."

ಬಾಗಿಲು ಮುಚ್ಚಿತು. ಸೋಮೇಶ ಕೈಮುಗಿದು ಇಸಾಕನನ್ನು ಕುರ್ಚಿಯಲ್ಲಿ ಕೂರಿಸಿದ. ಇಸಾಕ ಹತ್ತೂ ಬೆರಳಿಂದ ತೋಚಿದ್ದು ಬಡಿಯತೊಡಗಿದ. ಸೋಮೇಶ ತುದಿಗಾಲಲ್ಲಿ ಹೊಸ್ತಿಲು ದಾಟಿರಲಿಲ್ಲ, ಒಳಗಿನಿಂದ ನಿದ್ದೆಗಣ್ಣಿನ ಗರ್ಜನೆ ಬಂತು.

"ಲೇ, ಯಾವನಲೇ ಅಂವಾ? ಕೈ ಬದಲಾತು! ಸೋಮೇಶನ ಕರೀರಿ! ಅವನ ಕೈ ಅಂದ್ರ ಕೈ! ಗದಗ-ಬೆಟಗೇರ್ಯಾಗ ಇಂಥಾ ಕೈ ಇನ್ನೊಂದಿಲ್ಲ!"

ಇಷ್ಟು ವರ್ಷದ ಚಾಕರಿಯಲ್ಲಿ ಸೋಮೇಶನಿಗೆ ಸಿಕ್ಕ ಅತಿ ದೊಡ್ಡ ಶಭಾಷ್‌ಗಿರಿ ಅದು. ಮಂಜುಳಾ ಚಪ್ಪಾಳೆ ತಟ್ಟಿದಳು, ಬುಡ್ಡೇಸಾಬ ಸಲಾಮು ಹೊಡೆದ. ಸೋಮೇಶ ಮರಳಿ ಕೂತು ಬಡಿಯತೊಡಗಿದ. ಒಳಗೆ ಗೊರಕೆ ಏರಿತು. ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿತು. ಮನೆಯಿಂದ ಶಿವರಂಜನಿ. ಎತ್ತಬೇಕೆಂದರೆ, ಗದಗ-ಬೆಟಗೇರಿಯಲ್ಲೇ ಇನ್ನೊಂದಿಲ್ಲದ ಆ ಎರಡು ಕೈಯಲ್ಲಿ ಒಂದಕ್ಕೂ ಬಿಡುವಿರಲಿಲ್ಲ.