ಲಿಂಗನ ದೋಣಿಯ ಬಿಳಿಗೆರೆ

ಲಿಂಗನ ತಾಪತ್ರಯಕ್ಕೆಲ್ಲ ಕಾರಣ ಅವನ ದೋಣಿಯ ಪಕ್ಕಕ್ಕೆ ಬಳಿದಿದ್ದ ಒಂದು ಬಿಳಿಗೆರೆ.

ನೆಲ್ಯಹುದಿಕೇರಿಯ ಕೆಳಗಿನ ಕಡವಿನಲ್ಲಿ ಜನರನ್ನು ಕಾವೇರಿ ದಾಟಿಸುತ್ತಲೇ ತಲೆ ನರೆತ ಮನುಷ್ಯ ಅವನು. ಈಜು ಬರುತ್ತಿತ್ತು, ಸುಳಿ ಎಲ್ಲೆಲ್ಲಿದೆ ಗೊತ್ತಿತ್ತು, ಬಾರದೆ ಇದ್ದದ್ದು ಒಂದೇ: ಯಾರಿಗಾದರೂ ‘ಆಗಲ್ಲ’ ಅನ್ನುವುದು. ಹೋದ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ‘ನಾನೊಬ್ಬ, ನಾನೊಬ್ಬ’ ಎಂದು ಬಂದವರನ್ನೆಲ್ಲ ಹತ್ತಿಸಿಕೊಂಡು ಹೊರಟ. ನಡುಹೊಳೆಯಲ್ಲಿ ದೋಣಿ ಮಗುಚಿತು. ಸತ್ತವರಲ್ಲಿ ಅವನ ಹೆಂಡತಿ ಮುದ್ದಿಯೂ ಒಬ್ಬಳು. ಅವಳಿಗೆ ಆಚೆ ದಡದಲ್ಲಿ ಏನೂ ಕೆಲಸವಿರಲಿಲ್ಲ. ಗಂಡನಿಗೆ ಗಂಜಿ ತಂದವಳು ಹಾಗೇ ಹತ್ತಿ ಕೂತಿದ್ದಳು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಮಂತ್ರಿಗಳು ಇಬ್ಬರೇ ಆದರೂ ಆಫೀಸುಗಳಿಗೆ ಬರವಿರಲಿಲ್ಲ. ಅಂಥದೊಂದು ಆಫೀಸಿನಿಂದ ವಿಚಾರಣೆಗೆ ಬಂದ ಸಾಹೇಬರು ಹಿಂದೆ ಸಮುದ್ರದ ಬಂದರಿನಲ್ಲಿ ಹಡಗುಗಳನ್ನು ತಪಾಸಣೆ ಮಾಡುತ್ತಿದ್ದವರು. ಮಡಿಕೇರಿಯ ಗುಡ್ಡ ಹತ್ತಿದ ಮೇಲೆ ಅವರಿಗೆ ಒಂದು ಹಡಗೂ ಸಿಕ್ಕಿರಲಿಲ್ಲ. ಲಿಂಗನ ದೋಣಿ ಕಂಡದ್ದೇ ತಡ, ಜೀವ ಬಂದ ಹಾಗಾಯಿತು.

“ದೇಶ ದೇಶದವರೆಲ್ಲ ಕೂತು ಒಪ್ಪಿರೋ ಕಾನೂನಪ್ಪ ಇದು,” ಎಂದರು ಸಾಹೇಬರು. “ಹಡಗಿನ ಪಕ್ಕಕ್ಕೆ ಗೆರೆ ಹಾಕಿರ್ತಾರೆ. ಭಾರ ಜಾಸ್ತಿಯಾಗಿ ಗೆರೆ ಮುಳುಗಿದರೆ ಹಡಗು ಹೊರಡೋ ಹಾಗಿಲ್ಲ. ಹಡಗಿನೋರು ಸಮುದ್ರಕ್ಕೆ ಎಣ್ಣೆ ಚೆಲ್ಲೋ ಹಾಗೂ ಇಲ್ಲ. ನೀನು ಲಾಟೀನಿನ ಎಣ್ಣೆ ಹೊಳೆಗೆ ಚೆಲ್ಲಬೇಡ.”

ಹಾಗೆಂದು ಅಳತೆ ಹಿಡಿದು, ಪೇದೆಯ ಕೈಯಲ್ಲಿ ಗೆರೆ ಬಳಿಸಿಯೇ ಬಿಟ್ಟರು. ರೂಲು ಮೀರಿದರೆ ಕಡವು ಬೇರೆಯವರ ಪಾಲು ಎಂದೂ ಹೇಳಿದರು.

ಲಿಂಗನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಾನು ಆಡಲಾರದ ಮಾತನ್ನು ಇನ್ನು ಮೇಲೆ ಗೆರೆ ಆಡುತ್ತದೆ. ಈ ಗೆರೆ ಒಂದು ವರ್ಷ ಮೊದಲೇ ಬಂದಿದ್ದರೆ ಎಂದುಕೊಂಡು, ದೋಣಿಯ ಪಕ್ಕ ಕೂತು ಅತ್ತೂ ಬಿಟ್ಟ.

ಆಮೇಲೆ ಬಂತು ಸಂತೆಯ ದಿನ. ಮೇಲೆ ಮಳೆ ಜೋರಾಗಿ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಸಂತೆ ಇರುವುದು ಆಚೆ ದಡದಲ್ಲಿ. ಎಸ್ಟೇಟಿನ ಕೂಲಿ ಲೈನುಗಳ ಜನ, ಕೋಳಿ, ಬುಟ್ಟಿ, ಬಾಳೆಗೊನೆ ಎಲ್ಲ ಏರಿ ಕೂತಾಗ ಲಿಂಗ ಬಗ್ಗಿ ನೋಡಿದ. ಗೆರೆ ಕಾಣಲಿಲ್ಲ.

“ಗೆರೆ ಮುಳುಗೈತೆ. ನಾಕು ಜನ ಇಳೀರಿ,” ಎಂದ.

ಯಾರೂ ಅಲುಗಲಿಲ್ಲ. ಎಲ್ಲರೂ ಪಕ್ಕದವರ ಮೈಕಟ್ಟನ್ನು ನೋಡತೊಡಗಿದರು.

“ಚಲುವಮ್ಮ ಇಳಿದ್ರೆ ನಾಕು ಜನ ಇಳಿದಂಗೆ,” ಎಂದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದೇರಪ್ಪ.

“ನಾನ್ಯಾಕ್ ಇಳೀಲಿ? ನಿಮ್ಮ ಬೂಟು ಬಿಚ್ಚಿ ದಡಕ್ಕೆ ಎಸೀರಿ ರೈಟ್ರೆ, ಗೆರೆ ತಾನೇ ಎದ್ದು ಬತ್ತದೆ,” ಎಂದಳು ಹುರುಳಿ ಮೂಟೆಯ ಮೇಲೆ ಕೂತಿದ್ದ ಚಲುವಮ್ಮ.

ಕೋಳಿ ತಂದಿದ್ದ ಪೊನ್ನಮ್ಮ ಎರಡೂ ಕೋಳಿಗಳನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. “ನೋಡ್ ಲಿಂಗ, ಇವು ಈಗ ದೋಣಿಲಿ ಇಲ್ಲ. ನನ್ನ ಮಂಡೆ ಮೇಲೆ ಉಟ್ಟು.”

ಲಿಂಗ ಬಿದಿರ ಗಳವನ್ನು ಕೆಸರಿಗೆ ಊರಿ ನಿಂತ. ಹುಟ್ಟಿದಾರಭ್ಯ ಮೊದಲನೇ ಸಲ ಅವನ ಬಾಯಿಂದ ಆ ಮಾತು ಬಂತು: “ಆಗಲ್ಲ.”

ದೋಣಿಯೊಳಗೆ ಗದ್ದಲವೆದ್ದಿತು. ಹೆಂಡತಿ ಸತ್ತ ಮೇಲೆ ತಲೆ ಕೆಟ್ಟಿದೆ ಎಂದರು. ಅಷ್ಟರಲ್ಲಿ ಚಲುವಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ದೋಣಿಯಿಂದ ಹೊರಕ್ಕೆ ಬಾಗಿ, ಮುಳುಗಿದ ಗೆರೆಗಿಂತ ಒಂದು ಗೇಣು ಮೇಲೆ ಬೆರಳಿನಿಂದ ಹೊಸ ಗೆರೆ ಎಳೆದಳು.

“ಇಕ್ಕೊ, ನಿನ್ ಗೆರೆ. ಎಷ್ಟು ಮ್ಯಾಲೈತೆ ನೋಡು. ಹೊರಡು ಕಣ್ಲಾ.”

ಅವಳು ಬಾಗಿದ ಭಾರಕ್ಕೆ ದೋಣಿ ವಾಲಿ ಸುಣ್ಣದ ಗೆರೆಯನ್ನು ಹೊಳೆ ನೆಕ್ಕಿಕೊಂಡು ಹೋಯಿತು. ಜನ ಹೋ ಎಂದು ಕೂಗಿ ಇನ್ನೊಂದು ಬದಿಗೆ ನುಗ್ಗಿದರು. ದೋಣಿ ಆ ಕಡೆ ವಾಲಿತು. ಲಿಂಗ ಗಳ ಬಿಟ್ಟು ನೀರಿಗಿಳಿದು, ಎರಡೂ ಕೈಯಲ್ಲಿ ದೋಣಿಯನ್ನು ತಬ್ಬಿ ಹಿಡಿದ.

“ಕಾಲಿಗ್ ಬೀಳ್ತೀನಿ, ಇಳೀರಿ. ಮುದ್ದೀನ ನಾನೇ ಹೊಳೆಗೆ ಕೊಟ್ಟೆ. ನಿಮ್ಮನ್ನೂ ಕೊಡಕ್ಕೆ ನನ್ ಕೈಲಿ ಆಗಲ್ಲ.”

ದೇರಪ್ಪನೇ ಮೊದಲು ತಲೆ ತಗ್ಗಿಸಿದ. ಪೊನ್ನಮ್ಮನ ಕೋಳಿಗಳು ಕೆಳಗಿಳಿದವು. ಚಲುವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ನಡೀರಪ್ಪ, ಇಳಿಯಾಣ” ಎಂದು ಮೂಟೆಗೆ ಕೈ ಹಾಕಿದಳು. ಇನ್ನೊಂದು ಗಳಿಗೆ ಕಳೆದಿದ್ದರೆ ಲಿಂಗ ಗೆದ್ದೇಬಿಡುತ್ತಿದ್ದ.

ಆಗ ದಡದ ಮೇಲೆ ಜೀಪು ಬಂದು ನಿಂತಿತು. ಸಾಹೇಬರು ಇಳಿದು ಬಂದರು, ಹಿಂದೆ ಬಣ್ಣದ ಡಬ್ಬಿ ಹಿಡಿದ ಪೇದೆ. ನಡೆದದ್ದನ್ನೆಲ್ಲ ಕೇಳಿ ಅವರ ಎದೆ ಉಬ್ಬಿತು.

“ಶಭಾಷ್! ಕಾನೂನು ಅಂದ್ರೆ ಹೀಗೆ ಪಾಲಿಸಬೇಕು,” ಎಂದು ಲಿಂಗನ ಒದ್ದೆ ಬೆನ್ನು ತಟ್ಟಿದರು. “ಆದರೆ ಆವತ್ತು ನನ್ನದೊಂದು ತಪ್ಪಾಗಿದೆ. ಅದನ್ನು ಸರಿ ಮಾಡೋಣ ಅಂತಲೇ ಬಂದೆ. ನಾನು ಹಾಕಿಸಿದ್ದು ಉಪ್ಪುನೀರಿನ ಗೆರೆ. ಉಪ್ಪುನೀರು ಹಡಗನ್ನ ಎತ್ತಿ ಹಿಡಿಯುತ್ತೆ, ಸಿಹಿನೀರಲ್ಲಿ ಅದೇ ಹಡಗು ಸ್ವಲ್ಪ ಜಾಸ್ತಿ ಇಳಿಯುತ್ತೆ. ಅದಕ್ಕೆ ಹೊಳೆಗೆ ಬಂದ ಹಡಗಿಗೆ ಬೇರೆ ಗೆರೆ. ಅದು ಇದಕ್ಕಿಂತ ಮೇಲಿರಬೇಕು.”

“ಎಷ್ಟು ಮ್ಯಾಲೆ ಸ್ವಾಮಿ?” ಎಂದಳು ಚಲುವಮ್ಮ, ಮೂಟೆಯಿಂದ ಕೈ ತೆಗೆದು.

“ಹಡಗಿಗೆ ಒಂದು ಗೇಣು.”

“ಇದು ದೋಣಿ, ಬುದ್ಧಿ,” ಎಂದ ಲಿಂಗ.

“ಕಾನೂನಿಗೆ ಎರಡೂ ಒಂದೇ.”

ಪೇದೆ ಮೊಣಕಾಲುದ್ದ ನೀರಿಗಿಳಿದು ಚಲುವಮ್ಮ ಸುಣ್ಣ ಹಚ್ಚಿದ್ದ ಜಾಗದಲ್ಲೇ ಬಣ್ಣದ ಗೆರೆ ಎಳೆದ. ಗೆರೆಯ ಮೇಲೆ ಉಳಿದದ್ದು ಎರಡು ಬೆರಳು ಮರ. ಇಳಿಯಲು ಎದ್ದವರೆಲ್ಲ ಕೂತರು. ದಡದಲ್ಲಿ ಉಳಿದಿದ್ದವರಿಗೂ ಧೈರ್ಯ ಬಂದು, ಸರಕಾರವೇ ಜಾಗ ಮಾಡಿಕೊಟ್ಟಿದೆ ಎಂದು ಹತ್ತಿಕೊಂಡರು. ನೀರು ಹೊಸ ಗೆರೆಯ ಅಂಚಿಗೆ ಬಂದು ನಿಂತಿತು, ಗೆರೆ ಮುಳುಗಲಿಲ್ಲ.

ಲಿಂಗ ಗಳ ಎತ್ತಲಿಲ್ಲ.

“ಇನ್ನೇನಯ್ಯ?” ಸಾಹೇಬರ ದನಿ ಬದಲಾಯಿತು. “ಗೆರೆ ಕಾಣ್ತಾ ಇದೆ. ಕಂಡ ಮೇಲೂ ಜನರನ್ನ ದಾಟಿಸಲ್ಲ ಅಂದ್ರೆ ಅದೂ ರೂಲು ಮೀರಿದ ಹಾಗೇ. ಕಡವು ಬೇಕೋ ಬೇಡವೋ?”

ಲಿಂಗ ದೋಣಿಯ ತುಂಬ ಕೂತ ಮುಖಗಳನ್ನು ನೋಡಿದ. ‘ಆಗಲ್ಲ’ ಅನ್ನಲು ಬಾಯಿ ತೆರೆದ. ಈಗ ಅವನ ಪರವಾಗಿ ಆಡಲು ಗೆರೆಯೂ ಇರಲಿಲ್ಲ. ಗಳ ಕಿತ್ತುಕೊಂಡು ದೋಣಿ ಹತ್ತಿದ.

“ಬನ್ನಿ ಬುದ್ಧಿ, ತಾವೂ ಒಬ್ರು ಕೂತ್ಕಳಿ,” ಎಂದು ದೇರಪ್ಪ ಸರಿದು ಜಾಗ ಮಾಡಿಕೊಟ್ಟ.

ಸಾಹೇಬರು ಕೆಂಪು ನೀರನ್ನು ಒಂದು ಸಲ ನೋಡಿದರು, ಎರಡು ಹೆಜ್ಜೆ ಹಿಂದಕ್ಕೆ ಸರಿದು ಜೀಪಿಗೆ ಒರಗಿ ನಿಂತರು.

“ನೀವು ಹೋಗಿ. ದೋಣಿ ವಾಪಸ್ ಬಂದರೆ ನಾನು ಬರ್ತೀನಿ.”